ಗೆಲುವಿನ ಎಣಿಕೆ, ಎದುರಾಳಿಯ ತೂಕ

ನೆರೆಮನೆಯ ಹುಡುಗ ಹತ್ತನೆಯ ತರಗತಿಯವನು. ಕೊಯ್ಲು ಮುಗಿದು ಗದ್ದೆ ಒಣಗಿದೊಡನೆ ಸೆವೆನ್ಸ್ ಫುಟ್‌ಬಾಲಿಗೆ ಇಳಿಯುವ ನಮ್ಮ ಗಡಿನಾಡಿನ ಎಲ್ಲ ಹುಡುಗರಂತೆ ಇವನಿಗೂ ಚೆಂಡೆಂದರೆ ಪ್ರಾಣ. ಅವನ ಸೋದರಮಾವನ ಕುಟುಂಬ ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ನೆಲೆಸಿದೆ. ಮಾವನ ಮಗ ಫೋನಿನಲ್ಲಿ ಹೇಳಿದ ಒಂದು ಸಂಗತಿ ಇವನ ನಿದ್ದೆ ಕೆಡಿಸಿತ್ತು. ಮೊನ್ನೆ ಸಂಜೆ ನಮ್ಮ ಜಗಲಿಗೆ ಬಂದವನೇ ಪೀಠಿಕೆಯಿಲ್ಲದೆ ಕೇಳಿದ:

“ಮಾಷ್ಟ್ರೇ, ಹದಿಮೂರಕ್ಕೆ ಹದಿಮೂರೂ ಪಂದ್ಯ ಗೆದ್ದ ತಂಡವನ್ನು ಹೊರಗಿಟ್ಟು, ಒಂದು ಪಂದ್ಯ ಸೋತ ತಂಡಗಳನ್ನು ಒಳಗೆ ಸೇರಿಸಿದರಂತೆ. ಇದು ಯಾವ ಊರಿನ ನ್ಯಾಯ?”

ಪ್ರಶ್ನೆ ಸಣ್ಣದು, ಉತ್ತರ ಅಷ್ಟು ಸಣ್ಣದಲ್ಲ. ಅವನಿಗೆ ಆ ಸಂಜೆ ಹೇಳಿದ್ದನ್ನೂ, ಹೇಳಲು ಮರೆತದ್ದನ್ನೂ ಸೇರಿಸಿ ಈ ವಾರದ ಅಂಕಣದಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಆ ಪ್ರಶ್ನೆ ಕಡಲಾಚೆಯ ಆಟಕ್ಕೆ ಮಾತ್ರ ಸೇರಿದ್ದೆಂದು ನನಗೆ ತೋರುವುದಿಲ್ಲ. ಎರಡು ದಾರಿಗಳಲ್ಲಿ ನಡೆದು ಬಂದ ಇಬ್ಬರ ನಡುವೆ ಮುಂದಿರುವವರು ಯಾರೆಂದು ತೀರ್ಮಾನಿಸಬೇಕಾದಲ್ಲೆಲ್ಲ ಆ ಪ್ರಶ್ನೆ ಎದ್ದು ನಿಲ್ಲುತ್ತದೆ.

ಮೊದಲು ಆಟದ ಪರಿಚಯ. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡನ್ನಲ್ಲ. ಅಲ್ಲಿ ಚೆಂಡು ಎರಡು ತುದಿ ಚೂಪಾದ ಉದ್ದನೆಯ ಆಕಾರದ್ದು. ಅದನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ತಂಡಕ್ಕೆ ಹನ್ನೊಂದು ಮಂದಿ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ 6 ಅಂಕ. ವೃತ್ತಿಪರ ಆಟಗಾರರ ಲೀಗ್ ಬೇರೆ ಇದ್ದರೂ, ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ಆಡುವ ಪಂದ್ಯಗಳಿಗೆ ಅಲ್ಲಿ ಅಪಾರ ಮನ್ನಣೆ. ಲಕ್ಷಕ್ಕೂ ಮೀರಿ ಜನ ಕುಳಿತು ನೋಡುವ ಕ್ರೀಡಾಂಗಣಗಳು ಕೆಲವು ವಿಶ್ವವಿದ್ಯಾನಿಲಯಗಳಿಗೆ ಸ್ವಂತವಾಗಿವೆ. ಊರಿಗೆ ಊರೇ ಶನಿವಾರದ ಪಂದ್ಯಕ್ಕೆ ಕಾದು ಕುಳಿತಿರುತ್ತದೆ.

ತೊಡಕು ಇರುವುದು ತಂಡಗಳ ಸಂಖ್ಯೆಯಲ್ಲಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 20 ತಂಡಗಳು. ಪ್ರತಿಯೊಂದೂ ಉಳಿದ ಹತ್ತೊಂಬತ್ತನ್ನು ಎರಡೆರಡು ಬಾರಿ ಎದುರಿಸಿ ಒಟ್ಟು 38 ಪಂದ್ಯಗಳನ್ನು ಆಡುತ್ತದೆ. ಎಲ್ಲರೂ ಎಲ್ಲರೊಡನೆ ಆಡಿರುವುದರಿಂದ ಅಂಕಪಟ್ಟಿಯ ತುದಿಯಲ್ಲಿರುವವನೇ ವಿಜೇತ. ಅಲ್ಲಿ ವಾದಕ್ಕೆ ಎಡೆಯಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲಿನ ಮೇಲ್ದರ್ಜೆಯಲ್ಲಿ 2023ರಲ್ಲಿ 133 ತಂಡಗಳಿದ್ದವು. ಎಲ್ಲರೂ ಎಲ್ಲರನ್ನು ಒಮ್ಮೆ ಎದುರಿಸಬೇಕಾದರೆ 133ನ್ನು 132ರಿಂದ ಗುಣಿಸಿ ಎರಡರಿಂದ ಭಾಗಿಸಿದಷ್ಟು, ಎಂದರೆ 8,778 ಪಂದ್ಯಗಳು ನಡೆಯಬೇಕು. ಮೈಮೇಲೆ ಬೀಳುವ ಈ ಆಟವನ್ನು ವಾರಕ್ಕೊಮ್ಮೆಗಿಂತ ಹೆಚ್ಚು ಆಡಲಾಗದು. ಹಾಗಾಗಿ ಋತುವಿನ ಸಾಮಾನ್ಯ ಪಂದ್ಯಗಳು ತಂಡವೊಂದಕ್ಕೆ ಹನ್ನೆರಡು. 133ನ್ನು 12ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 798. ನಡೆಯಬಹುದಾದ ಜೋಡಿಗಳಲ್ಲಿ ಹನ್ನೊಂದಕ್ಕೆ ಒಂದರಷ್ಟು ಮಾತ್ರ ನಿಜಕ್ಕೂ ನಡೆಯುತ್ತವೆ. ಉಳಿದ ಹತ್ತು ಪಾಲನ್ನು ಊಹೆಯಿಂದ ತುಂಬಬೇಕು.

ಇನ್ನು ಹುಡುಗ ಕೇಳಿದ ಪ್ರಸಂಗ. 2014ರಿಂದ 2023ರವರೆಗೆ ಹದಿಮೂರು ಮಂದಿಯ ಸಮಿತಿಯೊಂದು ಋತುವಿನ ಕೊನೆಯಲ್ಲಿ ನಾಲ್ಕು ತಂಡಗಳನ್ನು ಆರಿಸುತ್ತಿತ್ತು. ಅವುಗಳ ನಡುವೆ ರಾಷ್ಟ್ರೀಯ ಪ್ರಶಸ್ತಿಗಾಗಿ ಪಂದ್ಯ. 2023ರ ಡಿಸೆಂಬರ್ 3ರಂದು ಸಮಿತಿ ಸಾರಿದ ಹೆಸರುಗಳು ಮಿಷಿಗನ್, ವಾಷಿಂಗ್ಟನ್, ಟೆಕ್ಸಸ್ ಮತ್ತು ಅಲಬಾಮಾ. ಮೊದಲಿನ ಎರಡು ಹದಿಮೂರೂ ಪಂದ್ಯ ಗೆದ್ದಿದ್ದವು. ಟೆಕ್ಸಸ್ ಮತ್ತು ಅಲಬಾಮಾ ಹನ್ನೆರಡು ಗೆದ್ದು ಒಂದೊಂದು ಸೋತಿದ್ದವು. ಅಲಬಾಮಾದ ಆ ಒಂದು ಸೋಲು ತನ್ನದೇ ಅಂಗಳದಲ್ಲಿ ಟೆಕ್ಸಸ್‌ನ ಎದುರು 34-24ರಿಂದ ಬಂದಿತ್ತು. ಹೊರಗುಳಿದದ್ದು ಫ್ಲಾರಿಡಾ ಸ್ಟೇಟ್. ಹದಿಮೂರಕ್ಕೆ ಹದಿಮೂರು ಗೆದ್ದು, ತನ್ನ ಒಕ್ಕೂಟವಾದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನ ಪ್ರಶಸ್ತಿಯನ್ನೂ ಲೂಯಿವಿಲ್ ತಂಡವನ್ನು 16-6ರಿಂದ ಮಣಿಸಿ ಪಡೆದಿದ್ದ ತಂಡ. ದೊಡ್ಡ ಒಕ್ಕೂಟವೊಂದರ ಅಜೇಯ ವಿಜೇತ ತಂಡ ನಾಲ್ಕರ ಪಟ್ಟಿಯಿಂದ ಹೊರಗುಳಿದದ್ದು ಆ ಹತ್ತು ವರ್ಷಗಳಲ್ಲಿ ಅದೇ ಮೊದಲು.

ಸಮಿತಿಗೆ ಎರಡು ಕಾರಣಗಳಿದ್ದವು. ಒಂದು, ಫ್ಲಾರಿಡಾ ಸ್ಟೇಟ್‌ನ ಮುಖ್ಯ ಆಟಗಾರ ಜೋರ್ಡನ್ ಟ್ರಾವಿಸ್ ನವೆಂಬರ್ 18ರ ಪಂದ್ಯದಲ್ಲಿ ಕಾಲಿಗೆ ತೀವ್ರ ಪೆಟ್ಟು ಬಿದ್ದು ಋತುವಿನ ಉಳಿದ ಪಂದ್ಯಗಳಿಗೆ ಇಲ್ಲವಾಗಿದ್ದರು. ಅವರಿಲ್ಲದ ತಂಡ ಬೇರೆಯೇ ತಂಡವೆಂದು ಸಮಿತಿ ಬಗೆಯಿತು. ಎರಡು, ಅಲಬಾಮಾ ಎದುರಿಸಿದ ತಂಡಗಳು ಹೆಚ್ಚು ಬಲಿಷ್ಠವಾಗಿದ್ದವು. ಕೊನೆಯ ಪಂದ್ಯದಲ್ಲಿ ಅದು ಅಲ್ಲಿಯವರೆಗೆ ಅಜೇಯವಾಗಿದ್ದ ಜಾರ್ಜಿಯಾವನ್ನು 27-24ರಿಂದ ಸೋಲಿಸಿತ್ತು. ಈ ಎರಡನೆಯ ಕಾರಣಕ್ಕೆ ಅಲ್ಲಿನವರು ‘ಸ್ಟ್ರೆಂತ್ ಆಫ್ ಶೆಡ್ಯೂಲ್’ ಎನ್ನುತ್ತಾರೆ. ಪಂದ್ಯಪಟ್ಟಿಯ ಕಾಠಿಣ್ಯ ಎಂದು ನಾವು ಕರೆಯೋಣ. ಎಷ್ಟು ಗೆದ್ದೆ ಎಂಬುದರೊಡನೆ ಯಾರನ್ನು ಗೆದ್ದೆ ಎಂಬುದನ್ನೂ ಕೇಳುವ ಅಳತೆ ಅದು.

ಮುಂದೆ ನಡೆದದ್ದು ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ. ಡಿಸೆಂಬರ್ 30ರಂದು ಆರೆಂಜ್ ಬೌಲ್ ಪಂದ್ಯದಲ್ಲಿ ಜಾರ್ಜಿಯಾ ಫ್ಲಾರಿಡಾ ಸ್ಟೇಟನ್ನು 63-3ರಿಂದ ಸದೆಬಡಿಯಿತು. ಸಮಿತಿಯ ಪಕ್ಷದವರು “ನೋಡಿದಿರಾ?” ಎಂದರು. ಆದರೆ ಪ್ರಶಸ್ತಿಯ ಆಸೆ ಮುರಿದ ಮೇಲೆ ಫ್ಲಾರಿಡಾದ ಅನೇಕ ಪ್ರಮುಖ ಆಟಗಾರರು ಆ ಪಂದ್ಯಕ್ಕೆ ಇಳಿದೇ ಇರಲಿಲ್ಲ. ಅತ್ತ ಅಲಬಾಮಾ ಜನವರಿ 1ರಂದು ಮಿಷಿಗನ್‌ಗೆ ಹೆಚ್ಚುವರಿ ಅವಧಿಯಲ್ಲಿ 27-20ರಿಂದ ಸೋತಿತು. ಮಿಷಿಗನ್ ಪ್ರಶಸ್ತಿ ಪಡೆಯಿತು. ನಡೆಯದೆ ಹೋದ ಪಂದ್ಯದ ಫಲಿತಾಂಶ ಏನಾಗುತ್ತಿತ್ತೆಂದು ಹೇಳಬಲ್ಲವರು ಇಂದಿಗೂ ಯಾರೂ ಇಲ್ಲ.

ಈ ವಾದ ನಿನ್ನೆಯದಲ್ಲ. 1984ರಲ್ಲಿ ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾನಿಲಯ ಹದಿಮೂರೂ ಪಂದ್ಯ ಗೆದ್ದು, ಪತ್ರಕರ್ತರ ಮತ್ತು ತರಬೇತುದಾರರ ಮತದಾನದಲ್ಲಿ ದೇಶದ ಮೊದಲ ತಂಡವೆನಿಸಿತು. ಅದರ ಕೊನೆಯ ಎದುರಾಳಿ ಮಿಷಿಗನ್. 24-17ರಿಂದ ಸೋತ ಆ ಮಿಷಿಗನ್ ತಂಡದ ಆ ವರ್ಷದ ಲೆಕ್ಕ ಆರು ಗೆಲುವು, ಆರು ಸೋಲು. ಹನ್ನೊಂದು ಗೆದ್ದು ಒಂದು ಸೋತಿದ್ದ ವಾಷಿಂಗ್ಟನ್ ಎರಡನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಒಂದೇ ಪ್ರಶ್ನೆಗೆ 1984ರಲ್ಲಿ ಒಂದು ಉತ್ತರ ದೊರೆಯಿತು, 2023ರಲ್ಲಿ ಇನ್ನೊಂದು.

ಇಷ್ಟಾದ ಮೇಲೆ, ಕಾಠಿಣ್ಯವನ್ನು ಅಳೆಯುವುದು ಹೇಗೆ? 1998ರಿಂದ 2013ರವರೆಗೆ ಜಾರಿಯಲ್ಲಿದ್ದ ಬಿ.ಸಿ.ಎಸ್. ಎಂಬ ವ್ಯವಸ್ಥೆ ತನ್ನ ಮೊದಲ ವರ್ಷಗಳಲ್ಲಿ ಬಳಸಿದ ಸೂತ್ರ ಎಂಟನೆಯ ತರಗತಿಯ ಮಕ್ಕಳಿಗೂ ಅರ್ಥವಾಗುವಂಥದು. ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಮೂರರಲ್ಲಿ ಎರಡು ಪಾಲು ತೂಕ. ಆ ಎದುರಾಳಿಗಳ ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ ಉಳಿದ ಒಂದು ಪಾಲು. ಕಲ್ಪಿತ ತಂಡಗಳೆರಡನ್ನು ತೆಗೆದುಕೊಳ್ಳೋಣ. ‘ಕ’ ತಂಡ ಹನ್ನೆರಡೂ ಪಂದ್ಯ ಗೆದ್ದಿದೆ. ‘ಖ’ ತಂಡ ಹನ್ನೊಂದು ಗೆದ್ದು ಒಂದು ಸೋತಿದೆ. ಎರಡು ತಂಡಗಳಿಗೂ ಹನ್ನೆರಡು ಎದುರಾಳಿಗಳು. ಆ ಎದುರಾಳಿಗಳು ತಲಾ ಹನ್ನೊಂದು ಬೇರೆ ಪಂದ್ಯ ಆಡಿದ್ದರೆ ಒಟ್ಟು 132. ‘ಕ’ದ ಎದುರಾಳಿಗಳು ಅವುಗಳಲ್ಲಿ 55 ಗೆದ್ದಿದ್ದಾರೆ, ಪ್ರಮಾಣ 0.417. ‘ಖ’ದ ಎದುರಾಳಿಗಳು 77 ಗೆದ್ದಿದ್ದಾರೆ, ಪ್ರಮಾಣ 0.583. ಎದುರಾಳಿಗಳ ಎದುರಾಳಿಗಳ ಪ್ರಮಾಣ ಕ್ರಮವಾಗಿ 0.48 ಮತ್ತು 0.54 ಎಂದಿಟ್ಟುಕೊಳ್ಳೋಣ. ಮೊದಲ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, ಮೂರರಿಂದ ಭಾಗಿಸಿದರೆ ‘ಕ’ದ ಪಂದ್ಯಪಟ್ಟಿಯ ಕಾಠಿಣ್ಯ 0.438, ‘ಖ’ದ್ದು 0.569.

ಎದುರಾಳಿ ನಮ್ಮೊಡನೆ ಆಡಿದ ಪಂದ್ಯವನ್ನು ಈ ಲೆಕ್ಕದಿಂದ ಬಿಟ್ಟದ್ದೇಕೆಂದು ಜಾಣ ಮಕ್ಕಳು ಕೇಳಿಯಾರು. ನಾವು ಯಾರನ್ನು ಸೋಲಿಸುತ್ತೇವೆಯೋ ಅವರ ಖಾತೆಗೆ ಒಂದು ಸೋಲು ಸೇರುತ್ತದೆ. ಅದನ್ನೂ ಎಣಿಸಿದರೆ, ಗೆಲ್ಲುತ್ತ ಹೋದಂತೆಲ್ಲ ನಮ್ಮ ಎದುರಾಳಿಗಳು ಕಾಗದದ ಮೇಲೆ ದುರ್ಬಲರಾಗುತ್ತ ಹೋಗುತ್ತಾರೆ. ನಮ್ಮ ಪರಾಕ್ರಮವೇ ನಮಗೆ ಮುಳುವಾಗುತ್ತದೆ.

ಕಾಠಿಣ್ಯವನ್ನು ಅಳೆದಾಯಿತು, ಆದರೆ ಒಂದು ಸೋಲಿಗೆ ಎಷ್ಟು ಕಾಠಿಣ್ಯ ಸಮ? ಇಲ್ಲಿ ವೆಸ್ಲಿ ಕಾಲಿ ಎಂಬ ಖಗೋಳಭೌತ ವಿಜ್ಞಾನಿಯ ಕ್ರಮ ನೆರವಿಗೆ ಬರುತ್ತದೆ. ಬಿ.ಸಿ.ಎಸ್. ಬಳಸುತ್ತಿದ್ದ ಗಣಕ ಶ್ರೇಯಾಂಕಗಳಲ್ಲಿ ಅವರದೂ ಒಂದು. ಆಟ ತೊಡಗುವ ಮೊದಲು ಎಲ್ಲ ತಂಡಗಳ ಬಲವೂ ಅರ್ಧ, ಎಂದರೆ 0.5, ಯಾರ ಪೂರ್ವಕೀರ್ತಿಗೂ ಮನ್ನಣೆಯಿಲ್ಲ. ತಂಡದ ಬಲವನ್ನು ಕಾಣಲು ಗೆಲುವಿನಿಂದ ಸೋಲನ್ನು ಕಳೆದು ಅರ್ಧ ಮಾಡಬೇಕು. ಅದಕ್ಕೆ ಎಲ್ಲ ಎದುರಾಳಿಗಳ ಬಲದ ಮೊತ್ತವನ್ನೂ, ಮೇಲೆ ಒಂದನ್ನೂ ಕೂಡಿಸಬೇಕು. ಬಂದುದನ್ನು ಪಂದ್ಯಗಳ ಸಂಖ್ಯೆಗೆ ಎರಡು ಸೇರಿಸಿದ ಸಂಖ್ಯೆಯಿಂದ ಭಾಗಿಸಬೇಕು. ‘ಕ’ ತಂಡದ ಎದುರಾಳಿಗಳ ಸರಾಸರಿ ಬಲ 0.42 ಆದರೆ ಮೊತ್ತ 5.04, ಅದಕ್ಕೆ 6 ಮತ್ತು 1 ಸೇರಿ 12.04, ಹದಿನಾಲ್ಕರಿಂದ ಭಾಗಿಸಿದರೆ 0.86. ‘ಖ’ದ ಎದುರಾಳಿಗಳ ಸರಾಸರಿ 0.60 ಆದರೆ ಮೊತ್ತ 7.2, ಅದಕ್ಕೆ 5 ಮತ್ತು 1 ಸೇರಿ 13.2, ಹದಿನಾಲ್ಕರಿಂದ ಭಾಗಿಸಿದರೆ 0.94. ಒಂದು ಸೋತ ತಂಡ ಮುಂದೆ ಬಂತು.

ಇದರಿಂದ ಸೋಲಿನ ಬೆಲೆಯೂ ತಿಳಿಯುತ್ತದೆ. ಒಂದು ಗೆಲುವು ಸೋಲಾದರೆ ಮೇಲಿನ ಮೊತ್ತದಿಂದ ಸರಿಯಾಗಿ 1 ಕಳೆಯುತ್ತದೆ. ಹನ್ನೆರಡು ಎದುರಾಳಿಗಳ ಮೇಲೆ ಅದನ್ನು ಹಂಚಿದರೆ ತಲಾ 0.083. ಎದುರಾಳಿಗಳ ಸರಾಸರಿ ಬಲ ಅದಕ್ಕಿಂತ ಹೆಚ್ಚು ಏರಿದ್ದರೆ ಒಂದು ಸೋಲು ಕ್ಷಮ್ಯ. ಇಲ್ಲವಾದರೆ ಅಜೇಯ ತಂಡವೇ ಮೇಲು. ಎದುರಾಳಿಗಳ ಬಲವನ್ನು ತಿಳಿಯಲು ಅವರ ಎದುರಾಳಿಗಳ ಬಲ ತಿಳಿಯಬೇಕಾದ್ದರಿಂದ ನೂರಕ್ಕೂ ಹೆಚ್ಚು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕಾಗುತ್ತದೆ. ಗಣಕಕ್ಕೆ ಅದು ಕ್ಷಣದ ಕೆಲಸ.

ಇನ್ನೊಂದು ಬಗೆಯ ಅಳತೆಯೂ ಬಳಕೆಯಲ್ಲಿದೆ. ಅದು ಹೀಗೆ ಕೇಳುತ್ತದೆ: ಒಳ್ಳೆಯದೆಂದು ಒಪ್ಪಿತವಾದ ಯಾವುದೋ ತಂಡವನ್ನು ಇದೇ ಪಂದ್ಯಪಟ್ಟಿಗೆ ಇಳಿಸಿದ್ದರೆ, ಇಷ್ಟು ಗೆಲ್ಲುವ ಸಂಭವ ಎಷ್ಟಿತ್ತು? ಸುಲಭ ಎದುರಾಳಿಯನ್ನು ಆ ತಂಡ ನೂರಕ್ಕೆ 95ರಂತೆ ಗೆಲ್ಲುವುದಾದರೆ, ಹನ್ನೆರಡು ಸುಲಭ ಪಂದ್ಯಗಳನ್ನೂ ಗೆಲ್ಲುವ ಸಂಭವ 0.95ನ್ನು ಹನ್ನೆರಡು ಬಾರಿ ಗುಣಿಸಿದಷ್ಟು, ಸುಮಾರು ಶೇಕಡಾ 54. ಹನ್ನೆರಡರಲ್ಲಿ ಆರು ಪಂದ್ಯಗಳು ಕಠಿಣವಾಗಿದ್ದು ಅವುಗಳಲ್ಲಿ ಗೆಲುವಿನ ಸಂಭವ ತಲಾ ಶೇಕಡಾ 70 ಆದರೆ, ಹನ್ನೊಂದು ಅಥವಾ ಹನ್ನೆರಡು ಗೆಲ್ಲುವ ಸಂಭವ ಸುಮಾರು ಶೇಕಡಾ 34 ಮಾತ್ರ. ಕಠಿಣ ಹಾದಿಯಲ್ಲಿ ಒಂದು ಸೋತು ಬಂದವನ ಸಾಧನೆ ಸುಲಭ ಹಾದಿಯ ಅಜೇಯನ ಸಾಧನೆಗಿಂತ ಅಪರೂಪದ್ದು ಎಂದಾಯಿತು. ಹಾದಿ ಕಷ್ಟದ್ದೆಂಬ ಮಾತ್ರಕ್ಕೆ ಇಲ್ಲಿ ಅಂಕವಿಲ್ಲವೆಂಬುದನ್ನು ಗಮನಿಸಬೇಕು. ಆ ಹಾದಿಯಲ್ಲಿ ಎಷ್ಟು ದೂರ ನಡೆದೆ ಎಂಬುದಕ್ಕೆ ಅಂಕ.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗನ ಮುಖ ಅರಳಲಿಲ್ಲ. “ಹಾಗಾದರೆ ಸಮಿತಿ ಮಾಡಿದ್ದೇ ಸರಿಯೇ?” ಎಂದ. ಅಲ್ಲಿಯೇ ಲೆಕ್ಕ ದಣಿಯುತ್ತದೆ ಎಂದೆ. ಅಲ್ಲಿನ ತಂಡಗಳು ಒಕ್ಕೂಟಗಳಾಗಿ ಹಂಚಿಹೋಗಿವೆ. ಹನ್ನೆರಡರಲ್ಲಿ ಎಂಟೋ ಒಂಬತ್ತೋ ಪಂದ್ಯಗಳು ಒಕ್ಕೂಟದ ಒಳಗೇ ನಡೆಯುತ್ತವೆ. ಒಳಗಿನ ಪಂದ್ಯಗಳಲ್ಲಿ ಒಬ್ಬರ ಗೆಲುವು ಇನ್ನೊಬ್ಬರ ಸೋಲು. ಒಟ್ಟು ಗೆಲುವು ಒಟ್ಟು ಸೋಲಿಗೆ ಯಾವಾಗಲೂ ಸಮ. ಒಕ್ಕೂಟದ ತಂಡಗಳೆಲ್ಲ ಬಲಿಷ್ಠವಾಗಿದ್ದರೂ ಹಾಗೆಯೇ, ದುರ್ಬಲವಾಗಿದ್ದರೂ ಹಾಗೆಯೇ. ಎರಡು ಒಕ್ಕೂಟಗಳನ್ನು ಹೋಲಿಸಲು ಉಳಿಯುವುದು ಅವುಗಳ ನಡುವಿನ ಬೆರಳೆಣಿಕೆಯ ಪಂದ್ಯಗಳು. ಅವುಗಳಲ್ಲಿ ಹೆಚ್ಚಿನವು ತಂಡಗಳು ಇನ್ನೂ ಕುದುರಿಕೊಳ್ಳುತ್ತಿರುವ ಋತುವಿನ ಮೊದಲ ವಾರಗಳಲ್ಲಿ ನಡೆಯುತ್ತವೆ. ಹೊಳೆಯ ಆಚೆಗೂ ಈಚೆಗೂ ಇರುವುದು ಒಂದೆರಡು ಕಾಲುಸಂಕ. ಎಲ್ಲ ಹೋಲಿಕೆಯ ಭಾರವೂ ಅದರ ಮೇಲೆಯೇ. 2023ರಲ್ಲಿ ಫ್ಲಾರಿಡಾ ಸ್ಟೇಟ್ ಅಲಬಾಮಾದ ಒಕ್ಕೂಟಕ್ಕೇ ಸೇರಿದ ಲೂಯಿಸಿಯಾನಾ ಸ್ಟೇಟನ್ನು 45-24ರಿಂದಲೂ, ಫ್ಲಾರಿಡಾ ವಿಶ್ವವಿದ್ಯಾನಿಲಯವನ್ನು 24-15ರಿಂದಲೂ ಸೋಲಿಸಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

‘ಅವನು ಇವನನ್ನು ಗೆದ್ದ, ಇವನು ಇನ್ನೊಬ್ಬನನ್ನು ಗೆದ್ದ’ ಎಂಬ ಸರಪಳಿಯನ್ನೂ ನಂಬುವಂತಿಲ್ಲ. 2017ರಲ್ಲಿ ಆಬರ್ನ್ ತಂಡ ನವೆಂಬರ್ ತಿಂಗಳೊಂದರಲ್ಲೇ ಜಾರ್ಜಿಯಾವನ್ನು 40-17ರಿಂದ, ಅಲಬಾಮಾವನ್ನು 26-14ರಿಂದ ಮಣಿಸಿತು. ಮರುತಿಂಗಳು ಅದೇ ಜಾರ್ಜಿಯಾ ಆಬರ್ನನ್ನು 28-7ರಿಂದ ಸೋಲಿಸಿತು. ಕೊನೆಗೆ ರಾಷ್ಟ್ರೀಯ ಪ್ರಶಸ್ತಿಗಾಗಿ ಎದುರುಬದುರಾದವರು ಅಲಬಾಮಾ ಮತ್ತು ಜಾರ್ಜಿಯಾ, ಗೆದ್ದದ್ದು ಅಲಬಾಮಾ. ಅದೇ ವರ್ಷ ಸಣ್ಣ ಒಕ್ಕೂಟಕ್ಕೆ ಸೇರಿದ ಸೆಂಟ್ರಲ್ ಫ್ಲಾರಿಡಾ ತಂಡ ಎಲ್ಲ ಪಂದ್ಯ ಗೆದ್ದಿದ್ದರೂ ಸಮಿತಿ ಅದನ್ನು ಹನ್ನೆರಡನೆಯ ಸ್ಥಾನದಲ್ಲಿರಿಸಿತ್ತು. 2018ರ ಹೊಸ ವರ್ಷದ ದಿನ ಆ ತಂಡ ಆಬರ್ನನ್ನೇ 34-27ರಿಂದ ಸೋಲಿಸಿ, ಹದಿಮೂರಕ್ಕೆ ಹದಿಮೂರು ಗೆದ್ದು ಋತುವನ್ನು ಮುಗಿಸಿತು. ಕಾಲಿಯವರ ಗಣಕ ಅದಕ್ಕೆ ಮೊದಲ ಸ್ಥಾನ ಕೊಟ್ಟಿತು. ಕಪ್ ಮಾತ್ರ ಅಲಬಾಮಾದ ಕಪಾಟಿನಲ್ಲಿದೆ.

ಇದಕ್ಕಿಂತ ಕಹಿಯಾದ ಪ್ರಶ್ನೆ ಇನ್ನೊಂದಿದೆ. ಪಂದ್ಯಪಟ್ಟಿಯನ್ನು ಬರೆಯುವವರು ಯಾರು? ಒಕ್ಕೂಟದ ಪಂದ್ಯಗಳು ಒಕ್ಕೂಟದ ಕೈಯಲ್ಲಿ. ಹೊರಗಿನ ಪಂದ್ಯಗಳು ಅನೇಕ ವರ್ಷ ಮುಂಚಿತವಾಗಿಯೇ ಒಪ್ಪಂದವಾದಂಥವು. ಹತ್ತು ವರ್ಷ ಹಿಂದೆ ಬಲಿಷ್ಠವಾಗಿದ್ದ ಎದುರಾಳಿ ಇಂದು ಬಡವಾಗಿರಬಹುದು. ದೊಡ್ಡ ವಿಶ್ವವಿದ್ಯಾನಿಲಯಗಳು ಸಣ್ಣವುಗಳಿಗೆ ಕೈತುಂಬ ಹಣ ಕೊಟ್ಟು ತಮ್ಮ ಅಂಗಳಕ್ಕೆ ಕರೆಸಿಕೊಳ್ಳುತ್ತವೆ. ಆದರೆ ಸಣ್ಣವರ ಅಂಗಳಕ್ಕೆ ತಾವು ಹೋಗಲು ಹಿಂಜರಿಯುತ್ತವೆ. ಗೆದ್ದರೆ ಹೆಸರಿಲ್ಲ, ಸೋತರೆ ಮಾನವಿಲ್ಲ. 2007ರ ಸೆಪ್ಟೆಂಬರ್ 1ರಂದು ಕೆಳದರ್ಜೆಯ ಆಪಲೇಶಿಯನ್ ಸ್ಟೇಟ್ ತಂಡ ಮಿಷಿಗನ್‌ನ ಅಂಗಳದಲ್ಲೇ ಮಿಷಿಗನ್ ಅನ್ನು 34-32ರಿಂದ ಕೆಡವಿದ್ದು ಈ ಹಿಂಜರಿಕೆಗೆ ಸಾಕ್ಷಿ. ಯಾರೂ ತನ್ನೊಡನೆ ಆಡಲು ಬಾರದಿದ್ದಾಗ ಸಣ್ಣ ತಂಡ ಕಠಿಣ ಎದುರಾಳಿಯನ್ನು ತರುವುದಾದರೂ ಎಲ್ಲಿಂದ? ಸಿಗದ ಅವಕಾಶವನ್ನು ಮಾಡದ ಸಾಧನೆಯೆಂದು ಬರೆದಿಡುವ ಅಪಾಯ ಪ್ರತಿಯೊಂದು ಶ್ರೇಯಾಂಕದಲ್ಲೂ ಅಡಗಿದೆ.

2024ರಿಂದ ನಾಲ್ಕರ ಬದಲು ಹನ್ನೆರಡು ತಂಡಗಳಿಗೆ ಬಾಗಿಲು ತೆರೆಯಿತು. ವಾದ ಮಾತ್ರ ಮುಗಿಯಲಿಲ್ಲ; ನಾಲ್ಕನೆಯ ಸ್ಥಾನದ ಅಂಚಿನಿಂದ ಹನ್ನೆರಡನೆಯದರ ಅಂಚಿಗೆ ಸರಿಯಿತು. ಆ ವರ್ಷ ಹನ್ನೊಂದು ಗೆದ್ದು ಎರಡು ಸೋತ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾನಿಲಯ ಒಳಗೆ ಬಂತು. ಒಂಬತ್ತು ಗೆದ್ದು ಮೂರು ಸೋತ ಅಲಬಾಮಾ, ತನ್ನ ಹಾದಿ ಹೆಚ್ಚು ಕಠಿಣವಾಗಿತ್ತೆಂಬ ವಾದವಿದ್ದರೂ ಹೊರಗುಳಿಯಿತು. ಹಿಂದಿನ ವರ್ಷ ಅಲಬಾಮಾವನ್ನು ಒಳಗೆ ತಂದ ವಾದವೇ ಈ ವರ್ಷ ಅದನ್ನು ಉಳಿಸಲಿಲ್ಲ. 2025ರ ಋತುವಿಗೆ ಸಮಿತಿ ತನ್ನ ಅಳತೆಗಳನ್ನು ತಿದ್ದಿತು: ಬಲಿಷ್ಠರೊಡನೆ ಆಡಿದ ಪಂದ್ಯಗಳಿಗೆ ಹೆಚ್ಚು ತೂಕ ಕೊಟ್ಟದ್ದಲ್ಲದೆ, ಹಾದಿಯ ಕಾಠಿಣ್ಯಕ್ಕೆ ಎದುರಾಗಿ ಸಾಧನೆಯನ್ನು ತೂಗುವ ಹೊಸ ಅಳತೆಯೊಂದನ್ನೂ ಸೇರಿಸಿತು. ಋತು ಆರಂಭವಾಗುವ ಮೊದಲೇ ಅದನ್ನು ಎಲ್ಲರಿಗೂ ತಿಳಿಸಿತ್ತೆಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಈ ಮಾತು ನಮ್ಮ ಮನೆಬಾಗಿಲಿಗೇ ಬಂದು ನಿಂತದ್ದನ್ನು ಓದುಗರು ಮರೆತಿರಲಾರರು. ಕೇರಳದ ಇಂಜಿನಿಯರಿಂಗ್ ಪ್ರವೇಶದ ರ್‍ಯಾಂಕ್ ಪಟ್ಟಿಯಲ್ಲಿ ಪ್ರವೇಶ ಪರೀಕ್ಷೆಯ ಅಂಕಗಳೊಡನೆ ಪ್ಲಸ್ ಟು ಅಂಕಗಳೂ ಸೇರುತ್ತವೆ. ರಾಜ್ಯ ಪಠ್ಯಕ್ರಮದವರು, ಸಿ.ಬಿ.ಎಸ್.ಇ.ಯವರು, ಉಳಿದ ಮಂಡಳಿಗಳವರು ಬರೆಯುವ ಪ್ಲಸ್ ಟು ಪರೀಕ್ಷೆಗಳು ಬೇರೆ ಬೇರೆ. ಬೇರೆ ಬೇರೆ ಪಂದ್ಯಪಟ್ಟಿಯ ತಂಡಗಳಂತೆ. ಅವುಗಳನ್ನು ಒಂದೇ ತಕ್ಕಡಿಗೆ ತರಲು ಸೂತ್ರ ಬೇಕು. 2025ರಲ್ಲಿ ಸರಕಾರ ಆ ಸೂತ್ರವನ್ನು ಬದಲಿಸಿತು. ಜುಲೈಯಲ್ಲಿ ಪಟ್ಟಿ ಹೊರಬಂತು. ಪ್ರಕ್ರಿಯೆ ತೊಡಗಿದ ಮೇಲೆ ನಿಯಮ ಬದಲಿಸುವುದು ಸಲ್ಲದೆಂದು ಕೇರಳ ಹೈಕೋರ್ಟು ಅದನ್ನು ರದ್ದುಪಡಿಸಿತು. ಹಳೆಯ ಸೂತ್ರದಂತೆ ಹೊಸ ಪಟ್ಟಿ ಬಂತು. ಒಂದು ಸೂತ್ರದಲ್ಲಿ ಮೇಲಿದ್ದ ಮಕ್ಕಳು ಇನ್ನೊಂದರಲ್ಲಿ ಕೆಳಗಾದರು. ಮಕ್ಕಳ ಉತ್ತರ ಪತ್ರಿಕೆಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಹೊಸ ಸೂತ್ರ ಒಳ್ಳೆಯದೋ ಹಳೆಯದೋ ಎಂಬುದು ಬೇರೆ ಚರ್ಚೆ. ಯಾವ ತಕ್ಕಡಿಯಲ್ಲಿ ತೂಗುತ್ತೇವೆಂಬುದನ್ನು ಧಾನ್ಯ ಅಳೆಯುವ ಮೊದಲೇ ಹೇಳಬೇಕು ಎಂಬಷ್ಟರಲ್ಲಿ ಎರಡು ಮಾತಿಲ್ಲ.

ಯಾವ ಸೂತ್ರದಲ್ಲೂ ಸೇರದ ಕಾಠಿಣ್ಯವೂ ಇದೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಪ್ಲಸ್ ಟುವಿನಲ್ಲಿ ಒಮ್ಮೆಲೇ ಇಂಗ್ಲಿಷಿನ ಪಾಠಕ್ಕೆ ಹೊರಳುವ ನಮ್ಮ ಮಗು. ಕಚೇರಿಯ ಭಾಷೆ ಒಂದು, ಮನೆಯ ಭಾಷೆ ಒಂದು, ಪರೀಕ್ಷೆಯ ಭಾಷೆ ಇನ್ನೊಂದು ಎಂಬಂತೆ ಬೆಳೆಯುವ ಮಗು. ಆ ಮಗು ತಂದ ಅಂಕದ ಪಕ್ಕದಲ್ಲಿ ಅದರ ಪಂದ್ಯಪಟ್ಟಿಯನ್ನು ಯಾರೂ ಬರೆಯುವುದಿಲ್ಲ. ಮೇ ತಿಂಗಳಲ್ಲಿ ಶಾಲೆಗಳ ಗೇಟಿನ ಮೇಲೆ ‘ಶೇಕಡಾ ನೂರು’ ಎಂಬ ಬ್ಯಾನರುಗಳು ತೂಗುತ್ತವೆ. ಪ್ರವೇಶ ಪರೀಕ್ಷೆ ನಡೆಸಿ ಆಯ್ದುಕೊಂಡ ಮಕ್ಕಳ ನೂರಕ್ಕೂ, ಬಾಗಿಲಿಗೆ ಬಂದ ಎಲ್ಲರನ್ನೂ ಸೇರಿಸಿಕೊಂಡ ಕನ್ನಡ ಶಾಲೆಯ ತೊಂಬತ್ತೈದಕ್ಕೂ ನಡುವೆ ಯಾವುದು ದೊಡ್ಡದು? ಇಪ್ಪತ್ತು ಮಕ್ಕಳಿರುವ ತರಗತಿಯಲ್ಲಿ ಒಂದು ಮಗು ತಪ್ಪಿದರೆ ಶೇಕಡಾ ಐದು ಇಳಿಯುತ್ತದೆ. ಇನ್ನೂರು ಮಕ್ಕಳಿರುವಲ್ಲಿ ಅರ್ಧ ಮಾತ್ರ. ಬ್ಯಾನರನ್ನು ನೋಡಿ ಮಗುವನ್ನು ಶಾಲೆಯಿಂದ ಶಾಲೆಗೆ ಸಾಗಿಸುವ ಮೊದಲು ಹೆತ್ತವರು ಇಷ್ಟು ಲೆಕ್ಕ ಹಾಕಿದರೆ ಸಾಕು. ಅದೇ ವೇಳೆ, ಹಾದಿ ಕಠಿಣವಾಗಿತ್ತೆಂಬುದು ನಡೆಯದೆ ಕುಳಿತವನಿಗೆ ನೆಪವಾಗಬಾರದು. ಕಠಿಣ ಪಂದ್ಯಪಟ್ಟಿ ಹನ್ನೊಂದು ಗೆದ್ದವನನ್ನು ಎತ್ತುತ್ತದೆ. ಹನ್ನೊಂದು ಸೋತವನನ್ನು ಎತ್ತುವುದಿಲ್ಲ.

ಹುಡುಗ ಎದ್ದು ನಿಂತು ಕೊನೆಗೊಮ್ಮೆ ಕೇಳಿದ: “ನೀವು ಆ ಸಮಿತಿಯಲ್ಲಿದ್ದಿದ್ದರೆ?” ನಾನು ಫ್ಲಾರಿಡಾ ಸ್ಟೇಟನ್ನು ಒಳಗೆ ಸೇರಿಸುತ್ತಿದ್ದೆ ಎಂದೆ. ಲೆಕ್ಕ ಅಲಬಾಮಾದ ಕಡೆಗೆ ವಾಲಬಹುದು. ಆದರೆ ತನ್ನೆದುರು ನಿಲ್ಲಿಸಿದ ಎಲ್ಲರನ್ನೂ ಗೆದ್ದವನಿಗೆ ಇನ್ನೊಬ್ಬ ಎದುರಾಳಿಯನ್ನು ಕೊಡುವುದು ನ್ಯಾಯ. ಅವನು ಸೋಲುತ್ತಿದ್ದನೆಂದು ಊಹಿಸಿ ಮನೆಗೆ ಕಳಿಸುವುದು ನ್ಯಾಯವಲ್ಲ. ಅಂಗಳದಲ್ಲಿ ತೀರ್ಮಾನವಾಗಬಹುದಾದದ್ದನ್ನು ಕಾಗದದ ಮೇಲೆ ತೀರ್ಮಾನಿಸುವ ಅಧಿಕಾರವನ್ನು ಆದಷ್ಟು ಕಡಮೆ ಬಳಸಬೇಕು. ಹುಡುಗ ಒಪ್ಪಿದನೋ ಇಲ್ಲವೋ ತಿಳಿಯದು. “ನಾಳೆ ನಮ್ಮ ಸೆವೆನ್ಸಿಗೆ ಬನ್ನಿ ಮಾಷ್ಟ್ರೇ, ಎದುರಾಳಿ ಗಟ್ಟಿಯಿದ್ದಾರೆ” ಎಂದು ಹೊರಟ.

ಮಕ್ಕಳಿಗೆ ಈ ವಾರದ ಲೆಕ್ಕ: ಅ, ಆ, ಇ, ಈ ಎಂಬ ನಾಲ್ಕು ತಂಡಗಳು. ‘ಅ’ ತಂಡ ‘ಆ’ವನ್ನು, ‘ಆ’ ತಂಡ ‘ಇ’ಯನ್ನು, ‘ಇ’ ತಂಡ ‘ಈ’ಯನ್ನು ಸೋಲಿಸಿದೆ; ಬೇರೆ ಪಂದ್ಯಗಳು ನಡೆದಿಲ್ಲ. ‘ಆ’ ಮತ್ತು ‘ಇ’ ಎರಡೂ ಒಂದು ಗೆದ್ದು ಒಂದು ಸೋತಿವೆ. ಮೇಲೆ ಹೇಳಿದ ಕಾಲಿಯವರ ಕ್ರಮದಿಂದ ನಾಲ್ಕರ ಬಲವನ್ನೂ ಕಂಡುಹಿಡಿಯಿರಿ. ‘ಆ’ದ ಬಲ 28ರಲ್ಲಿ 15, ‘ಇ’ಯದು 28ರಲ್ಲಿ 13 ಎಂದು ಬಂದರೆ ನಿಮ್ಮ ದಾರಿ ಸರಿ. ಸಮನಾಗಿ ಗೆದ್ದು ಸಮನಾಗಿ ಸೋತ ಇವೆರಡರ ನಡುವೆ ಅಂತರ ಏಕೆ ಬಂತೆಂಬುದನ್ನು ನಾಲ್ಕು ವಾಕ್ಯಗಳಲ್ಲಿ ಬರೆದು, ಮನೆಯ ಹಿರಿಯರಿಗೆ ಓದಿ ಹೇಳಿ.